ವಿಂಡೋಸ್ 10ಕ್ಕೆ ಬೆಂಬಲ ನಿಂತ ಮೇಲೆ ಅಂಗಡಿಯ ಹಳೇ ಕಂಪ್ಯೂಟರ್‌ಗಳನ್ನು ಏನು ಮಾಡಿದಿರಿ?

ಪ್ರಶ್ನೆ, ತುಮಕೂರು: ಕೋರ್ಟ್ ಹತ್ತಿರ ನಮ್ಮದು ಡಿಟಿಪಿ, ಜೆರಾಕ್ಸ್ ಅಂಗಡಿ. ಒಂದು ಕಂಪ್ಯೂಟರ್‌ನಲ್ಲಿ ವಿಂಡೋಸ್ 7 ಇದೆ, ಕನ್ನಡ ಟೈಪ್ ಮಾಡುವ ನುಡಿ, ಪುಟ ವಿನ್ಯಾಸದ ಪೇಜ್‌ಮೇಕರ್ ಎಲ್ಲ ಅದರಲ್ಲೇ. ಇನ್ನೊಂದು 2016ರದ್ದು, ವಿಂಡೋಸ್ 10. ಆನ್‌ಲೈನ್ ಅರ್ಜಿ ಹಾಕುವುದು ಅದರಲ್ಲಿ. ಅದಕ್ಕೆ 11 ಹಾಕಲು ಬರಲ್ಲ ಅಂತ ತೋರಿಸುತ್ತಿದೆ. ಎರಡನ್ನೂ ಮಾರಿ ಹೊಸದು ತಗೊಳ್ಳಬೇಕಾ?

ತಿಪಟೂರಿನಿಂದ: ನಮ್ಮದೂ ಡಿಟಿಪಿ ಅಂಗಡಿಯೇ ಸಾರ್. ಅವಸರ ಬೇಡ, ಯಾವುದರಲ್ಲಿ ಏನು ಕೆಲಸ ಅಂತ ಮೊದಲು ನೋಡಿ. ವಿಂಡೋಸ್ 7ಕ್ಕೆ ಬೆಂಬಲ ನಿಂತಿದ್ದು 2020ರ ಜನವರಿ 14ಕ್ಕೆ. ಅದರಲ್ಲಿ ಕ್ರೋಮ್ ಕೂಡ 109ನೇ ಆವೃತ್ತಿಗೇ ನಿಂತುಹೋಯಿತು. ಅದರಲ್ಲಿ ಬ್ಯಾಂಕ್, ಇಮೇಲ್ ಏನೂ ತೆರೆಯಬೇಡಿ. ಆದರೆ ಪೇಜ್‌ಮೇಕರ್ 7 ಬಂದಿದ್ದೇ 2001ರಲ್ಲಿ, ಅದಕ್ಕೆ ನೆಟ್ ಯಾಕೆ? ನಾನು ನೆಟ್ ಕೇಬಲ್ ಕಿತ್ತು ಪಕ್ಕಕ್ಕಿಟ್ಟೆ, ಮದುವೆ ಪತ್ರಿಕೆ, ಕ್ರಯಪತ್ರ ಈಗಲೂ ಅದರಲ್ಲೇ. ಭಯ ಇರುವುದು ಗಿರಾಕಿಗಳ ಪೆನ್‌ಡ್ರೈವ್‌ದು. ಅದನ್ನು ಇನ್ನೊಂದು ಕಂಪ್ಯೂಟರ್‌ಗೆ ಹಾಕಿ, ಸ್ಕ್ಯಾನ್ ಮಾಡಿ, ಬೇಕಾದ ಫೈಲ್ ಮಾತ್ರ ಅಂಗಡಿಯದೇ ಪೆನ್‌ಡ್ರೈವ್‌ನಲ್ಲಿ ಈ ಕಡೆ ತನ್ನಿ. ಹಳೇ ಹಾರ್ಡ್‌ಡಿಸ್ಕ್ ಯಾವಾಗ ಕೈಕೊಡುತ್ತದೋ ಗೊತ್ತಾಗಲ್ಲ. ಫೈಲ್, ಫಾಂಟ್, ನುಡಿ ಇನ್‌ಸ್ಟಾಲರ್ ಎಲ್ಲ ಬೇರೆ ಕಡೆ ಇವತ್ತೇ ಕಾಪಿ ಮಾಡಿಡಿ.

ಕ್ಯಾತ್ಸಂದ್ರದಿಂದ, ರಿಪೇರಿ ಕೆಲಸದವನು: 10ಕ್ಕೆ ಬೆಂಬಲ ನಿಂತಿದ್ದು 2025ರ ಅಕ್ಟೋಬರ್ 14ಕ್ಕೆ. ಆದರೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ, ನೋಂದಾಯಿಸಿಕೊಳ್ಳಬೇಕು ಅಷ್ಟೇ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದರೆ ಅಲ್ಲೇ ಕಾಣುತ್ತದೆ. ಆವೃತ್ತಿ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲ. ರ‍್ಯಾಮ್ ಹಾಕಿಸಿದರೆ 11 ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ಹೊಸ ಪ್ರೊಸೆಸರ್, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆಯಿಂದ ಮೇಲೆ.

ಸಿರಾದಿಂದ: ನಾನು ರೂಫಸ್ ಅನ್ನುವ ತಂತ್ರಾಂಶದಲ್ಲಿ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡಿ ಆ ತಪಾಸಣೆ ತಪ್ಪಿಸಿ 11 ಹಾಕಿದ್ದೇನೆ. ಓಡುತ್ತಿದೆ.

ಕ್ಯಾತ್ಸಂದ್ರದಿಂದ: ಓಡುತ್ತದೆ ಅಣ್ಣ. ಆದರೆ ಅಂಥ ಮಷಿನ್‌ಗೆ ಅಪ್‌ಡೇಟ್ ಕೊಡುವ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ಮನೆಗಾದರೆ ಸರಿ. ಗಿರಾಕಿಗಳ ಆಧಾರ್, ಪಹಣಿ ಹಿಡಿದು ಕೆಲಸ ಮಾಡುವ ಕಡೆ ನಾನಂತೂ ಹಾಕಿಕೊಡಲ್ಲ.

ಗುಬ್ಬಿಯಿಂದ, ಶಿಕ್ಷಕಿ: ಮನೆಯ ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಸಿದೆ. ಕಗಪ ಕೀಲಿಮಣೆ ಅದರಲ್ಲೇ ಇದೆ, ಯೂನಿಕೋಡ್ ಕನ್ನಡ ಆರಾಮಾಗಿ ಟೈಪ್ ಆಗುತ್ತದೆ. ನುಡಿಯ ಹಳೇ ಫೈಲ್ ಮಾತ್ರ ಆ ಫಾಂಟ್ ಇಲ್ಲದೆ ತೆರೆದರೆ ಏನೇನೋ ಅಕ್ಷರ ಬರುತ್ತವೆ. ಟ್ಯಾಲಿ, ಪೇಜ್‌ಮೇಕರ್ ವಿಂಡೋಸ್‌ಗೆ ಮಾಡಿದ್ದು, ಅದರಲ್ಲಿ ನೇರವಾಗಿ ನಡೆಯಲ್ಲ.

ತುಮಕೂರು: ಹಳೇ ಸ್ಕ್ಯಾನರ್ ಒಂದಿದೆ ಮೇಡಂ, ಮಿಂಟ್‌ನಲ್ಲಿ ನಡೆಯುತ್ತದಾ?

ಗುಬ್ಬಿಯಿಂದ: ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಮಿಂಟ್ ಶುರು ಮಾಡಬಹುದು ಸಾರ್. ಸ್ಕ್ಯಾನರ್ ಸಿಕ್ಕಿಸಿ ಒಂದು ಹಾಳೆ ಸ್ಕ್ಯಾನ್ ಮಾಡಿ ನೋಡಿ. ಡಿಜಿಟಲ್ ಸಹಿಯ ಟೋಕನ್ ಇದ್ದರೆ ಅದನ್ನೂ ಆಗಲೇ ಹಾಕಿ ನೋಡಿಬಿಡಿ.