ನಾಯಕಿ ಒಳ್ಳೆಯವಳೇ, ಆದರೆ ನೆನಪಲ್ಲಿ ಉಳಿಯುತ್ತಿಲ್ಲ

ನನ್ನ ಮೊದಲ ಕಾದಂಬರಿಯ 12 ಅಧ್ಯಾಯ ಮುಗಿದಿವೆ. ಓದಿದ ಮೂವರು ಗೆಳತಿಯರೂ ಒಂದೇ ಮಾತು ಹೇಳಿದರು: "ನಾಯಕಿ ಒಳ್ಳೆಯವಳು. ಆದರೆ ಓದಿ ಮುಗಿಸಿದ ಮೇಲೆ ನೆನಪಿಗೇ ಬರಲ್ಲ ಕಣೇ." ಅವಳ ವಯಸ್ಸು, ಓದು, ಬಾಲ್ಯ, ಇಷ್ಟದ ಬಣ್ಣ ಎಲ್ಲ ಸೇರಿಸಿ ನಾಲ್ಕು ಪುಟದ ಜಾತಕವನ್ನೇ ಬರೆದಿಟ್ಟುಕೊಂಡಿದ್ದೇನೆ. ಆದರೂ ಜೀವ ಬರುತ್ತಿಲ್ಲ. ನಿಮಗೂ ಹೀಗಾಗಿತ್ತಾ? ಏನು ಮಾಡಿದಿರಿ?

* * *

ಆಗಿತ್ತು. ನಾನೂ ಇಂಥದ್ದೇ ಜಾತಕ ಬರೆದವನು.

ನನ್ನ ಒಂದು ಕತೆಯಲ್ಲಿ ಒಬ್ಬ ಅಣ್ಣ ಇದ್ದ. ಮೊದಲ ಕರಡಿನಲ್ಲಿ "ಅಣ್ಣ ತುಂಬಾ ಧಾರಾಳಿ, ಕೊಟ್ಟ ಸಾಲ ವಾಪಸ್ ಕೇಳುತ್ತಿರಲಿಲ್ಲ" ಎಂದು ಬರೆದಿದ್ದೆ. ಓದಿದವರು ಆ ಸಾಲು ದಾಟಿಕೊಂಡು ಸುಮ್ನೆ ಮುಂದೆ ಹೋದರು. ಎರಡನೇ ಸಲ ಬರೆದಾಗ, ಸಾಲ ತೆಗೆದುಕೊಂಡಿದ್ದ ತಮ್ಮ ದುಡ್ಡು ವಾಪಸ್ ಕೊಡಲು ಬರುತ್ತಾನೆ. "ಯಾವ ದುಡ್ಡೋ? ನನಗೆ ನೆನಪೇ ಇಲ್ಲ" ಅನ್ನುತ್ತಾನೆ ಅಣ್ಣ. ತಮ್ಮ ಕವರನ್ನು ಮೇಜಿನ ಮೇಲಿಟ್ಟು ಹೋಗುತ್ತಾನೆ. ಬಾಗಿಲು ಹಾಕಿದ ಸದ್ದು ಕೇಳಿದ ಮೇಲೆ ಅಣ್ಣ ನೋಟುಗಳನ್ನು ಎರಡು ಸಲ ಎಣಿಸುತ್ತಾನೆ. ಡೈರಿಯ ಕೊನೆಯ ಪುಟ ತೆಗೆದು, ಆರು ವರ್ಷ ಹಿಂದಿನ ಒಂದು ತಾರೀಖಿನ ಮುಂದೆ ಸಣ್ಣದಾಗಿ ಟಿಕ್ ಹಾಕುತ್ತಾನೆ.

ಧಾರಾಳಿ ಅನ್ನೋ ಪದವನ್ನೇ ತೆಗೆದೆ. ಅವನು ಧಾರಾಳಿಯಾ, ಲೆಕ್ಕದ ಮನುಷ್ಯನಾ? ಧಾರಾಳಿ ಅನ್ನಿಸಿಕೊಳ್ಳುವ ಆಸೆ ಇರುವ ಲೆಕ್ಕದ ಮನುಷ್ಯ. ಓದಿದವರೊಬ್ಬರು ಫೋನ್ ಮಾಡಿ "ಇವನು ನಮ್ಮ ದೊಡ್ಡಪ್ಪನೇ ಕಣ್ರೀ" ಅಂದರು. ಅವರ ದೊಡ್ಡಪ್ಪನನ್ನು ನಾನು ನೋಡೇ ಇಲ್ಲ.

ನಿಮ್ಮನ್ನು ಕೇಳೋದು ಇಷ್ಟೇ: ನಿಮ್ಮ ನಾಯಕಿ ಯಾರ ಹತ್ತಿರ ಸುಳ್ಳು ಹೇಳುತ್ತಾಳೆ?

* * *

ಜಾತಕವನ್ನು ಹರಿದು ಎಸೆಯಬೇಡಿ ಮತ್ತೆ. ನನ್ನ ಕಾದಂಬರಿಯ ಮೂರನೇ ಅಧ್ಯಾಯದಲ್ಲಿ ಒಬ್ಬನಿಗೆ 34 ವರ್ಷ. ಕತೆಯಲ್ಲಿ ಎರಡು ವರ್ಷ ಕಳೆದು ಒಂಬತ್ತನೇ ಅಧ್ಯಾಯಕ್ಕೆ ಬಂದಾಗ 33! ಇಂಥ ಲೆಕ್ಕ ತಪ್ಪದಿರೋಕೆ ಜಾತಕ ಬೇಕು. ಅದಕ್ಕಿಂತ ಜಾಸ್ತಿ ಏನನ್ನೂ ಅದರಿಂದ ಕೇಳಬೇಡಿ.

* * *

ಮಾತುಕತೆಯ ಭಾಗ ಒಮ್ಮೆ ನೋಡಿ. ಹೆಸರುಗಳನ್ನು ಮುಚ್ಚಿ, ಬರೀ ಮಾತುಗಳನ್ನು ಗಟ್ಟಿಯಾಗಿ ಓದಿ. ಯಾರು ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತಾ? ನನ್ನ ಕತೆಯಲ್ಲಿ ಹತ್ತು ವರ್ಷದ ಹುಡುಗನೂ ನನ್ನ ಥರವೇ ಉದ್ದುದ್ದ ವಾಕ್ಯ ಬಿಡುತ್ತಿದ್ದ.

ನಮ್ಮ ಭಾಷೆಯಲ್ಲಿ ಒಂದು ಅನುಕೂಲ ಇದೆ: ನೀನು, ನೀವು. ಇಪ್ಪತ್ತು ವರ್ಷ "ಲೇ, ಬಾರೋ" ಎನ್ನುತ್ತಿದ್ದ ಗೆಳೆಯ ಒಂದು ದಿನ "ಬನ್ನಿ, ನೀವೆಲ್ಲ ದೊಡ್ಡವರು, ಕೂತ್ಕೊಳ್ಳಿ" ಎಂದರೆ ಸಾಕು. ಇದನ್ನು ಬಳಸಿದ ಮೇಲೆ, ಅವನ ಕೋಪ ವರ್ಣಿಸಿದ್ದ ಮೂರು ಸಾಲು ಹೊಡೆದು ಹಾಕಿದೆ.

ಇನ್ನೊಂದು. ಆಡುನುಡಿಯನ್ನು ಕೆಲಸದವರ ಬಾಯಿಗೆ ಮಾತ್ರ, ಅದೂ ನಗಿಸೋಕೆ ಮಾತ್ರ ಕೊಡೋದು ನನಗೆ ಸರಿ ಕಾಣಲ್ಲ. ನಾಯಕಿಗೂ ಒಂದು ಊರು ಇರುತ್ತೆ, ಅಲ್ವಾ?

* * *

ಎಲ್ಲ ಪಾತ್ರಕ್ಕೂ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1927ರಲ್ಲಿ ಕಾದಂಬರಿ ಬಗ್ಗೆ ಕೊಟ್ಟ ಉಪನ್ಯಾಸಗಳಲ್ಲಿ ಪಾತ್ರಗಳನ್ನು ಚಪ್ಪಟೆ, ದುಂಡು ಅಂತ ವಿಂಗಡಿಸಿದರು. ಒಂದೇ ಗುಣದ ಸುತ್ತ ಕಟ್ಟಿದ್ದು ಚಪ್ಪಟೆ ಪಾತ್ರ. ದುಂಡು ಪಾತ್ರ ನಮಗೆ ಅಚ್ಚರಿ ಹುಟ್ಟಿಸಬೇಕು, ಆ ಅಚ್ಚರಿಯನ್ನು ನಾವು ನಂಬಲೂಬೇಕು. ಇದು ಅವರ ಪರೀಕ್ಷೆ. ಚಪ್ಪಟೆ ಪಾತ್ರವನ್ನು ಅವರೇನೂ ಬೈಯಲಿಲ್ಲ. ಅದರ ಗುರುತು ಬೇಗ ಸಿಗುತ್ತದೆ, ನೆನಪಲ್ಲೂ ಸುಲಭವಾಗಿ ಉಳಿಯುತ್ತದೆ ಎಂದರು. ಗೇಟು ತೆಗೆಯಲು ಒಂದೇ ಸಲ ಬರುವ ಕಾವಲುಗಾರನಿಗೆ ಬಾಲ್ಯದ ನೋವು ಬೇಡ. ಒಂದು ಕೆಮ್ಮು ಸಾಕು.

* * *

ನಾಯಕಿಗೆ ಕಷ್ಟ ಜಾಸ್ತಿ ಕೊಟ್ಟಿದ್ದೀರಾ? ನಾನು ಮಾಡಿದ ತಪ್ಪು ಅದು. ಅಪ್ಪ ತೀರಿಕೊಂಡರು, ಕೆಲಸ ಹೋಯಿತು, ಪ್ರೀತಿಸಿದವನು ಕೈಕೊಟ್ಟ. ಓದುಗರು ಅಯ್ಯೋ ಪಾಪ ಅಂದರು, ಮರೆತರು. ಅವಳಿಗೆ ಏನೇನೋ ಆಗುತ್ತಿತ್ತು, ಅವಳಾಗಿ ಏನೂ ಮಾಡುತ್ತಿರಲಿಲ್ಲ. ಆಮೇಲೆ ಅವಳನ್ನು ಇಕ್ಕಟ್ಟಿಗೆ ಸಿಕ್ಕಿಸಿದೆ: ಒಂದೋ ತಂಗಿಯ ಓದಿಗೆ ಇಟ್ಟ ದುಡ್ಡು ಮುಟ್ಟಬೇಕು, ಇಲ್ಲಾ ತಾನು ಕಾದಿದ್ದ ಅವಕಾಶ ಬಿಡಬೇಕು. ಅವಳು ದುಡ್ಡು ಮುಟ್ಟಿದಳು. ಓದಿದವರೆಲ್ಲ ಬೈದರು. ಒಬ್ಬರಂತೂ ಮೂರು ತಿಂಗಳಾದ ಮೇಲೆ ಸಿಕ್ಕಾಗಲೂ ಅವಳನ್ನೇ ಬೈದರು.

* * *

ಪ್ರಶ್ನೆ ಕೇಳಿದವಳು ಮತ್ತೆ ಬಂದೆ. ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಕೂತು 12 ಅಧ್ಯಾಯವನ್ನೂ ತಿರುವಿ ಹಾಕಿದೆ. ಪುಣ್ಯಾತ್ಗಿತ್ತಿ ಒಂದೇ ಒಂದು ಸುಳ್ಳೂ ಹೇಳಿಲ್ಲ! ಐದನೇ ಅಧ್ಯಾಯದಲ್ಲಿ ಅವಳ ಕೆಲಸ ಹೋಗುತ್ತದೆ. ಮನೆಗೆ ಬಂದವಳು ಬಾಗಿಲಲ್ಲೇ "ಕೆಲಸ ಹೋಯ್ತಮ್ಮ" ಅಂತ ಹೇಳಿ ಅಳುತ್ತಾಳೆ. ಆ ಪುಟ ತೆಗೆದುಬಿಟ್ಟೆ. ಈಗ ಅವಳು ಏನೂ ಹೇಳದೆ ಊಟ ಮಾಡಿ ಮಲಗುತ್ತಾಳೆ. ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೇ ಬ್ಯಾಗ್ ಹಾಕಿಕೊಂಡು ಹೊರಡುತ್ತಾಳೆ. ಎಲ್ಲಿಗೆ ಹೋಗುತ್ತಾಳೋ ನನಗೂ ಇನ್ನೂ ಗೊತ್ತಾಗಿಲ್ಲ.