ಟೈಮಿಗೆ ಎರಡು ದಿಕ್ಕಿದ್ರೆ ಏನಾಗುತ್ತೆ ಮೇಡಂ?

ಪ್ರಶ್ನೆ, ಮಂಡ್ಯದಿಂದ:
ಮೇಡಮ್ಮೋರೆ ನಮಸ್ಕಾರ. ನಮ್ಮ ಹುಡುಗ ಸೆಕೆಂಡ್ ಪಿಯು ಸೈನ್ಸು, ಮೊಬೈಲಲ್ಲಿ ಯಾವ್ದೋ ವಿಡಿಯೋ ನೋಡ್ಬುಟ್ಟು ಟೈಮಿಗೆ ಮೂರು ಡೈಮೆನ್ಷನ್ ಅದಂತೆ, ಅಲಾಸ್ಕಾದಲ್ಲಿ ಯಾರೋ ಪ್ರೂವ್ ಮಾಡವ್ರಂತೆ ಅಂತ ಒಂದೇ ಸಮ ತಲೆ ತಿಂತಾವ್ನೆ. ಜಾಗಕ್ಕೆ ಉದ್ದ ಅಗಲ ಎತ್ತರ ಅಂದ್ರೆ ಒಪ್ಕೊಳವ, ಟೈಮಿಗೆಂಥ ಅಗಲ? ನಾನು ಓದಿರೋದು ಬಿಕಾಂ. ಇದು ದಿಟವಾಗ್ಲೂ ಫಿಸಿಕ್ಸಾ ಇಲ್ಲಾ ಯೂಟ್ಯೂಬ್ ಫಿಸಿಕ್ಸಾ, ವಸಿ ಬುಡಿಸಿ ಹೇಳಿ.

ಉತ್ತರ:
ಎರಡೂ ಇದೆ ಅದ್ರಲ್ಲಿ. ಅವನು ನೋಡಿರೋದು ಅಲಾಸ್ಕಾ ಯೂನಿವರ್ಸಿಟಿಯ ಗುಂಟರ್ ಕ್ಲೆಟೆಚ್ಕಾ ಅನ್ನೋರ ಪೇಪರ್ ಬಗ್ಗೆ ಇರ್ಬೇಕು, 2025ರಲ್ಲಿ ಸುದ್ದಿ ಆಯ್ತು. ಕಾಲಕ್ಕೆ ಮೂರು ಆಯಾಮ, ಅದೇ ಮೂಲ, ಜಾಗ ಅನ್ನೋದು ಅದರಿಂದ ಹುಟ್ಟೋದು, ಎಲೆಕ್ಟ್ರಾನು ಕ್ವಾರ್ಕುಗಳ ಮಾಸ್ ಕೂಡ ಇದರಿಂದ್ಲೇ ಬರುತ್ತೆ ಅಂತ ಅವರ ವಾದ. ಪ್ರೂವ್ ಗೀವ್ ಏನೂ ಆಗಿಲ್ಲ. ಬೇರೆಯವರು ಸ್ವಂತವಾಗಿ ಪರೀಕ್ಷೆ ಮಾಡಿ ಒಪ್ಪೋ ತನಕ ಅದು ಒಬ್ಬರ ಪ್ರಸ್ತಾಪ ಅಷ್ಟೇ. ನನಗೆ ಕೇಳಿದ್ರೆ ಅದಕ್ಕಿಂತ ಸ್ವಾರಸ್ಯದ ಕಥೆ ಹಿಂದೆ ಇದೆ, ಅದನ್ನ ಹೇಳ್ತೀನಿ.

ಜಾಗಕ್ಕೆ ಇನ್ನೊಂದು ಆಯಾಮ ಸೇರಿಸೋದು ಫಿಸಿಕ್ಸಲ್ಲಿ ಹಳೇ ಚಾಳಿ. 1921ರಲ್ಲಿ ಕಲುಜಾ ಅನ್ನೋರು ಸೇರಿಸಿದ್ರು, 1926ರಲ್ಲಿ ಕ್ಲೈನ್ ಅನ್ನೋರು ಅದನ್ನ ಸಣ್ಣಗೆ ಸುರುಳಿ ಸುತ್ತಿಟ್ರು, ಕಣಗಳೆಲ್ಲ ಸಣ್ಣ ತಂತಿಗಳ ಕಂಪನ ಅನ್ನೋ ಸ್ಟ್ರಿಂಗ್ ಥಿಯರಿಯವರು 9ಕ್ಕೆ ಒಯ್ದ್ರು, ಯಾರೂ ಬೇಜಾರು ಮಾಡ್ಕೊಳ್ಳಲಿಲ್ಲ. ಟೈಮಿಗೆ ಸೇರಿಸ್ತೀನಿ ಅಂದ್ರೆ ಮಾತ್ರ ಜಗಳ ಶುರು. ಯಾಕೆ ಅಂದ್ರೆ ಒಂದು ಮೈನಸ್ ಚಿಹ್ನೆ. ಹುಡುಗನಿಗೆ ಪೈಥಾಗೊರಸ್ ಗೊತ್ತಲ್ಲ, ದೂರದ ವರ್ಗ ಅಂದ್ರೆ ಉದ್ದ ಅಗಲ ಎತ್ತರದ ವರ್ಗಗಳ ಮೊತ್ತ. 1908ರಲ್ಲಿ ಮಿಂಕೋವ್ಸ್ಕಿ ಐನ್‌ಸ್ಟೈನರ ರಿಲೇಟಿವಿಟಿಯನ್ನ ಇದೇ ಥರ ಬರೆದ್ರು, ಆದ್ರೆ ಟೈಮ್ ಬರೋ ಕಡೆ ಮಾತ್ರ ಮೈನಸ್ ಬಂತು. ಟೈಮ್ ಟೈಮ್ ಆಗಿರೋದು ಆ ಮೈನಸ್ಸಿಂದ. ಇನ್ನೊಂದು ಜಾಗ ಬೇಕಾ, ಇನ್ನೊಂದು ಪ್ಲಸ್ ಹಾಕಿ. ಇನ್ನೊಂದು ಟೈಮ್ ಬೇಕಾ, ಇನ್ನೊಂದು ಮೈನಸ್ ಹಾಕಿ. ಹಾಕೋದು ಸುಲಭ, ಆಮೇಲಿನ ಪರಿಣಾಮ ತಡ್ಕೊಳ್ಳೋದು ಕಷ್ಟ.

ಮಂಡ್ಯದಿಂದ ಮೈಸೂರಿಗೆ ಹೈವೇಲಿ ಬರ್ತಾ ಇದೀರ ಅನ್ಕೊಳ್ಳಿ, ಅಕ್ಕಪಕ್ಕ ಜಾಗವೇ ಇಲ್ಲ, ವಾಪಸ್ ತಿರುಗಬೇಕು ಅಂದ್ರೆ ಒಂದು ಕ್ಷಣ ಗಾಡಿ ನಿಲ್ಲಿಸಿ ರಿವರ್ಸ್ ಹಾಕ್ಲೇಬೇಕು. ಅದೇ ದಸರಾ ಎಕ್ಸಿಬಿಷನ್ ಮೈದಾನದಲ್ಲಿ ಆದ್ರೆ ಎಲ್ಲೂ ನಿಲ್ಲದೆ ನಿಧಾನಕ್ಕೆ ಸುತ್ತು ಹೊಡೆದು ಬಂದ ಕಡೆಗೇ ಮುಖ ಮಾಡಬಹುದು. ಟೈಮ್ ಒಂದೇ ಇದ್ದಾಗ ನಾಳೆ ಕಡೆ ಹೋಗ್ತಿರೋನು ನಿನ್ನೆ ಕಡೆ ತಿರುಗಬೇಕು ಅಂದ್ರೆ ಮಧ್ಯದಲ್ಲಿ ಬೆಳಕಿನ ವೇಗ ಮೀರಬೇಕಾಗುತ್ತೆ, ಅದು ಆಗಲ್ಲ. ಎರಡಿದ್ರೆ ಮೀರೋದೇ ಬೇಡ, ತಿರುಗಿದ್ರೆ ಆಯ್ತು. ಅಂದ್ರೆ ಮೊದಲು ಯಾವುದು ಆಮೇಲೆ ಯಾವುದು ಅನ್ನೋದಕ್ಕೇ ಗ್ಯಾರಂಟಿ ಇಲ್ಲ.

ಪ್ರಶ್ನೆ, ಮೈಸೂರು ಕುವೆಂಪುನಗರದಿಂದ:
ಮೇಡಂ, ಟೈಮ್ ಟ್ರಾವೆಲ್ ಆಗ್ಬಿಡುತ್ತೆ ಅನ್ನೋದು ಬಿಟ್ರೆ ಬೇರೆ ತೊಂದ್ರೆ ಇಲ್ವಾ? ಅದನ್ನ ಪ್ರಕೃತಿ ಹೆಂಗೋ ತಡೆಯುತ್ತೆ ಅನ್ನಬಹುದಲ್ಲ.

ಉತ್ತರ:
ಇನ್ನೂ ದೊಡ್ಡ ತೊಂದರೆ ಇದೆ, ನನಗೆ ತುಂಬ ಇಷ್ಟವಾದ ಭಾಗ ಇದು, ಪೇಪರ್ ಪೆನ್ನು ತಗೊಳ್ಳಿ. ಟೈಮ್ ಎರಡಾದ್ರೆ ಎನರ್ಜಿನೂ ಎರಡಾಗುತ್ತೆ, ಒಂದೊಂದು ಟೈಮಿಗೆ ಒಂದೊಂದು, ಎರಡೂ ಬೇರೆ ಬೇರೆಯಾಗಿ ಉಳೀಬೇಕು. ಸುಮ್ನೆ ನಿಂತಿರೋ ಕಣದ ಮಾಸ್ ಅಂದ್ರೆ ಆ ಎರಡು ಎನರ್ಜಿಯ ವರ್ಗ ಕೂಡಿಸಿ ವರ್ಗಮೂಲ ತೆಗೆದದ್ದು, ಬೆಳಕಿನ ವೇಗನ 1 ಅಂತ ಇಟ್ಕೊಂಡ್ರೆ. ಈಗ 6 ಮಾಸಿನ ಒಂದು ಕಣ, ಅದರ ಮೊದಲನೇ ಎನರ್ಜಿ 6, ಎರಡನೇದು ಸೊನ್ನೆ. ಇದು ಎರಡಾಗಿ ಒಡೀತು, ಒಂದಕ್ಕೆ 3 ಮತ್ತೆ 4, ಇನ್ನೊಂದಕ್ಕೆ 3 ಮತ್ತೆ ಮೈನಸ್ 4. ಕೂಡಿ ನೋಡಿ, 6 ಮತ್ತೆ ಸೊನ್ನೆ, ಲೆಕ್ಕ ಸರಿಯಾಗಿದೆ. ಆದ್ರೆ ಒಂದೊಂದರ ಮಾಸ್ ಎಷ್ಟು? 9 ಮತ್ತೆ 16 ಕೂಡಿದ್ರೆ 25, ವರ್ಗಮೂಲ 5. ಅಂದ್ರೆ 6ರ ಕಣ ಒಡೆದು 5ರದ್ದು ಎರಡು, ಒಟ್ಟು 10, ಹುಟ್ಟಿದೆ! ನಮ್ಮ ಜಗತ್ತಲ್ಲಿ ಭಾರದ್ದು ಹಗುರದ್ದಾಗಿ ಒಡೆಯುತ್ತೆ ಹೊರತು ಉಲ್ಟಾ ಆಗಲ್ಲ, ಪ್ರೋಟಾನು ಎಲೆಕ್ಟ್ರಾನು ಉಳ್ಕೊಂಡಿರೋದೇ ಆ ಧೈರ್ಯದ ಮೇಲೆ. ಎರಡನೇ ಟೈಮ್ ನಮ್ಮದರಷ್ಟೇ ದೊಡ್ಡದಾಗಿ ಇದ್ರೆ ಯಾವ ಕಣಕ್ಕೂ ಭದ್ರತೆ ಇಲ್ಲ. ಇದನ್ನ ಜಾನ್ ಡಾರ್ಲಿಂಗ್ ಅನ್ನೋರು 1970ರಲ್ಲೇ ತೋರಿಸಿದ್ರು.

ಪ್ರೋಟಾನ್ ಸಾಯುತ್ತಾ ಅಂತ ಹುಡುಕಿದ್ದು ನಮ್ಮ ರಾಜ್ಯದಲ್ಲೇ ನಡೆದಿದೆ, ಅದೂ ಹೇಳ್ಬಿಡ್ತೀನಿ. 1980ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರು ಜಪಾನಿನವರ ಜೊತೆ ಸೇರಿ ನೋಡ್ತಾ ಕೂತಿದ್ರು, ಬೇರೆ ಕಾರಣಕ್ಕೆ ಅನ್ನಿ, ಎರಡನೇ ಟೈಮ್ ಹುಡುಕೋಕಲ್ಲ. ಕೆಲವು ಅನುಮಾನದ ಘಟನೆಗಳು ಸಿಕ್ವು, ಬೇರೆ ಕಡೆಯ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ. ಈಗ ಜಪಾನಿನ ಸೂಪರ್ ಕಾಮಿಯೊಕಾಂಡೆ ಅನ್ನೋ ಪ್ರಯೋಗದ ಪ್ರಕಾರ ಪ್ರೋಟಾನಿನ ಆಯಸ್ಸು, ಅದು ಒಡೆಯಬಹುದು ಅಂತ ಅವರು ಹುಡುಕಿರೋ ಕೆಲವು ಮುಖ್ಯ ದಾರಿಗಳಲ್ಲಿ, 1ರ ಮುಂದೆ 34 ಸೊನ್ನೆ ಹಾಕಿದಷ್ಟು ವರ್ಷಕ್ಕಿಂತ ಜಾಸ್ತಿ.

ಪ್ರಶ್ನೆ, ಮಂಡ್ಯದ ಅದೇ ಹುಡುಗ, ಅಪ್ಪನ ನಂಬರಿಂದ:
ಮಿಸ್, ಎಕ್ಸ್‌ಟ್ರಾ ಸ್ಪೇಸನ್ನ ಸಣ್ಣಗೆ ಸುತ್ತಿ ಬಚ್ಚಿಡ್ತಾರಲ್ಲ, ಟೈಮನ್ನೂ ಹಂಗೇ ಸುತ್ತಿಟ್ರೆ?

ಉತ್ತರ:
ಒಳ್ಳೇ ಪ್ರಶ್ನೆ ಕಣೋ. ಸುತ್ತಿಡಬಹುದು, ಆದ್ರೆ ಅಲ್ಲೂ ಮೈನಸ್ ಬಿಡಲ್ಲ. ಸ್ಪೇಸ್ ಸುತ್ತಿದ್ರೆ ಹೊಸ ಭಾರದ ಕಣಗಳು ಬರ್ತವೆ, ಟೈಮ್ ಸುತ್ತಿದ್ರೆ ಬರೋ ಕಣಗಳ ಮಾಸಿನ ವರ್ಗವೇ ಮೈನಸ್, ಅವನ್ನ ಟ್ಯಾಕಿಯಾನ್ ಅಂತಾರೆ, ಬೆಳಕಿಗಿಂತ ಬೇಗ ಓಡೋ ಕಾಲ್ಪನಿಕ ಕಣ. 1999ರಲ್ಲಿ ಗಿಯಾ ಡ್ವಾಲಿ ಮತ್ತೆ ಜೊತೆಯವರು ಇಂಥ ಟೈಮ್ ಎಷ್ಟು ದೊಡ್ಡದಿರಬಹುದು ಅಂತ ಲೆಕ್ಕ ಹಾಕಿದ್ರು, ಇದ್ರೂ ಬಹಳ ಬಹಳ ಸಣ್ಣದಿರ್ಬೇಕು ಅಂತ ಬಂತು.

ಇಷ್ಟೆಲ್ಲ ಆದ್ಮೇಲೂ ಬಿಡದೆ ಹಿಡಿದವರು ಲಾಸ್ ಏಂಜಲಿಸ್ಸಿನ ಇಟ್ಜಾಕ್ ಬಾರ್ಸ್. 1998ರಿಂದ ಅವರು ಟೂ ಟೈಮ್ ಫಿಸಿಕ್ಸ್ ಅಂತ ಕಟ್ತಾ ಬಂದ್ರು, 4 ಸ್ಪೇಸು 2 ಟೈಮು. ಎರಡನೇ ಟೈಮ್ ತಂದ್ರೆ ಸಂಭವನೀಯತೆಯೇ ನೆಗೆಟಿವ್ ಬರೋ ಕಾಟ ಇದೆ, ಮಳೆ ಬರೋ ಸಾಧ್ಯತೆ ಮೈನಸ್ 20 ಪರ್ಸೆಂಟ್ ಅಂದಂಗೆ ಅರ್ಥವೇ ಇಲ್ಲದ್ದು. ಬಾರ್ಸ್ ಏನ್ಮಾಡಿದ್ರು ಅಂದ್ರೆ ಕಣದ ಸ್ಥಾನವನ್ನೂ ಮೊಮೆಂಟಮ್ಮನ್ನೂ (ಮಾಸ್ ಗುಣಿಸು ವೇಗ) ಪ್ರತಿ ಕ್ಷಣ ಒಂದರೊಳಗೊಂದು ಬದಲಾಯಿಸಿದ್ರೂ ನಿಯಮ ಕೆಡಬಾರದು ಅಂತ ಒಂದು ಗಟ್ಟಿ ಸಿಮ್ಮೆಟ್ರಿ ಹೇರಿದ್ರು, ಆ ಸಿಮ್ಮೆಟ್ರಿ ಒಂದು ಸ್ಪೇಸು ಒಂದು ಟೈಮು ಎರಡನ್ನೂ ನುಂಗಿ ಹಾಕುತ್ತೆ, ಉಳಿಯೋದು ನಮ್ಮ ಮಾಮೂಲಿ 3 ಮತ್ತೆ 1. ಹಾಗಾದ್ರೆ ಉಪಯೋಗ ಏನು ಅಂತೀಯಾ? ಯಾವ ಥರ ನುಂಗುತ್ತೆ ಅನ್ನೋದರ ಮೇಲೆ ನಮಗೆ ಕಾಣೋದು ಬೇರೆ ಆಗುತ್ತೆ. ಖಾಲಿ ಜಾಗದಲ್ಲಿ ಹೋಗೋ ಕಣ, ಹೈಡ್ರೋಜನ್ ಪರಮಾಣು, ಸ್ಪ್ರಿಂಗಿಗೆ ಕಟ್ಟಿದ ಗುಂಡು, ನಾವು ಬೇರೆ ಬೇರೆ ಚಾಪ್ಟರಲ್ಲಿ ಓದೋ ಇವೆಲ್ಲ ಆರು ಆಯಾಮದ ಒಂದೇ ಚಲನೆಯ ಬೇರೆ ಬೇರೆ ನೆರಳು ಅಂತಾರೆ ಅವರು, ನೆರಳು ಅನ್ನೋ ಮಾತು ಅವರದ್ದೇ. ನನಗೆ ಇದು ಚಂದದ ಗಣಿತ ಅನ್ಸುತ್ತೆ, ಆದ್ರೆ ನೋಡು, ಎರಡನೇ ಟೈಮ್ ತಂದೋರು ಅದನ್ನ ಹೊರಗೆ ಕಳಿಸೋ ದಾರಿನೂ ಜೊತೆಗೇ ತಂದಿದ್ದಾರೆ. ಸ್ಟ್ರಿಂಗ್ ಥಿಯರಿಯ ವಾಫಾ ಅವರ 1996ರ ಎಫ್ ಥಿಯರಿನೂ ಹೆಚ್ಚುಕಮ್ಮಿ ಇಂಥದ್ದೇ, 12 ಆಯಾಮ ಅಂತಾರೆ, ಅದ್ರಲ್ಲಿ ಎರಡು ಲೆಕ್ಕಕ್ಕೆ ಅನುಕೂಲ ಮಾಡೋಕೆ ಇರೋವು.

ಪ್ರಶ್ನೆ, ಶ್ರೀರಂಗಪಟ್ಟಣದಿಂದ:
ನಮ್ಮ ಪುರಾಣದಲ್ಲಿ ಬ್ರಹ್ಮನ ಒಂದು ಹಗಲು ನಮಗೆ 432 ಕೋಟಿ ವರ್ಷ ಅಂತ ಇದೆ. ರೇವತಿ ಅಪ್ಪನ ಜೊತೆ ಬ್ರಹ್ಮಲೋಕಕ್ಕೆ ಹೋಗಿ ಬರೋಷ್ಟರಲ್ಲಿ ಇಲ್ಲಿ ಯುಗಗಳೇ ಕಳೆದಿದ್ವು. ಇದು ಎರಡನೇ ಟೈಮ್ ಅಲ್ವೇ?

ಉತ್ತರ:
ಅಲ್ಲ ಸಾರ್. ಕಥೆ ನನಗೂ ಇಷ್ಟ, ಆದ್ರೆ ಅಲ್ಲಿ ಒಂದೇ ಟೈಮ್ ಒಂದು ಕಡೆ ನಿಧಾನ ಇನ್ನೊಂದು ಕಡೆ ಬೇಗ. ಅದನ್ನ ಹೋಲೋದು ರಿಲೇಟಿವಿಟಿಯಲ್ಲಿ ಇದೆ, ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತೆ. ಅಲ್ಲೂ ಮೈನಸ್ ಒಂದೇ.

ಪ್ರಶ್ನೆ, ಮಂಡ್ಯದ ಹುಡುಗ:
ಮಿಸ್ ಲಾಸ್ಟ್. 2022ರಲ್ಲಿ ಕ್ವಾಂಟಮ್ ಕಂಪ್ಯೂಟರಲ್ಲಿ ಎರಡು ಟೈಮ್ ಮಾಡಿದ್ರು ಅಂತನೂ ಇತ್ತು?

ಉತ್ತರ:
ಅದು ನಿಜವಾದ ಪ್ರಯೋಗ, ಹೆಡ್‌ಲೈನ್ ಮಾತ್ರ ಜಾಸ್ತಿ ಆಯ್ತು. 10 ಯಿಟರ್ಬಿಯಂ ಅಯಾನ್ ಸಾಲಾಗಿಟ್ಟು ಲೇಸರ್ ಹೊಡೆತಗಳನ್ನ ಫಿಬೊನಾಚಿ ಕ್ರಮದಲ್ಲಿ ಕೊಟ್ರು, ಎ, ಎಬಿ, ಎಬಿಎ, ಎಬಿಎಎಬಿ, ಹೀಗೆ ಹಿಂದಿನ ಎರಡನ್ನ ಸೇರಿಸ್ತಾ. ಕ್ರಮ ಇದೆ ಆದ್ರೆ ಎಂದೂ ಮರುಕಳಿಸಲ್ಲ. ಗಣಿತದಲ್ಲಿ ಇದಕ್ಕೆ ಎರಡು ಟೈಮಿನ ಸಿಮ್ಮೆಟ್ರಿ ಇದ್ದಂಗೆ ಬರುತ್ತೆ, ಅದರಿಂದ ತುದಿಯ ಕ್ಯೂಬಿಟ್ಟುಗಳು (ಕ್ವಾಂಟಮ್ ಕಂಪ್ಯೂಟರಿನ ಬಿಟ್‌ಗಳು, ಇಲ್ಲಿ ಆ ಅಯಾನ್‌ಗಳೇ) ಮಾಮೂಲಿ ಒಂದೇ ಸಮನಾದ ಹೊಡೆತಕ್ಕೆ ತಮ್ಮ ಕ್ವಾಂಟಮ್ ಸ್ಥಿತಿ ಕೆಡದೆ 1.5 ಸೆಕೆಂಡ್ ನಿಂತಿದ್ದು ಇದರಲ್ಲಿ 5.5 ಸೆಕೆಂಡ್ ನಿಂತ್ವು. ಲ್ಯಾಬಿನ ಗೋಡೆ ಮೇಲಿನ ಗಡಿಯಾರ ಒಂದೇ ಇತ್ತು ಅನ್ನು. ಈ ಥರದ್ದರಲ್ಲಿ ಆಸಕ್ತಿ ಇದ್ರೆ ಮೊದಲು ಮೇಲಿನ 6, 5, 5ರ ಲೆಕ್ಕ ಇದೆಯಲ್ಲ, ಅದರಲ್ಲಿ 4ರ ಬದಲು ಬೇರೆ ಬೇರೆ ಸಂಖ್ಯೆ ಹಾಕಿ, ಹುಟ್ಟೋ ಕಣಗಳ ಮಾಸ್ ಎಲ್ಲಿ ತನಕ ಏರಿಸಬಹುದು ಅಂತ ನೋಡಿ ಇಲ್ಲೇ ಹಾಕು. ಪರೀಕ್ಷೆ ಮುಗಿದ ಮೇಲೆ ಹಾಕಿದ್ರೂ ಪರವಾಗಿಲ್ಲ, ಅಪ್ಪ ಬೈತಾರೆ.