ಡಿಸೆಂಬರಿನಲ್ಲಿ ಮೊನಾರ್ಕ್ ಚಿಟ್ಟೆಗಳು: ಸಾಂತಾಕ್ರೂಜ್‌ಗೆ ಯಾವ ಹೊತ್ತಿಗೆ ಹೋಗಬೇಕು?

ತುಂಬೆಹೂ:
ನಮಸ್ಕಾರ. ಊರಿನಿಂದ ಬಂದಿರುವ ಅಪ್ಪ ಅಮ್ಮನನ್ನು ಡಿಸೆಂಬರ್ ಮೊದಲ ವಾರ ಕ್ಯಾಲಿಫೋರ್ನಿಯಾದ ಸಾಂತಾಕ್ರೂಜ್‌ನಲ್ಲಿರುವ ನ್ಯಾಚುರಲ್ ಬ್ರಿಡ್ಜಸ್ ಉದ್ಯಾನದ ತೋಪಿಗೆ ಕರೆದೊಯ್ದು, ಚಳಿಗಾಲ ಕಳೆಯಲು ಅಲ್ಲಿಗೆ ವಲಸೆ ಬರುವ ಮೊನಾರ್ಕ್ ಚಿಟ್ಟೆಗಳನ್ನು ತೋರಿಸಬೇಕೆಂದಿದ್ದೇನೆ. ಹಿಂದೆ ಹೋಗಿದ್ದ ಪರಿಚಿತರೊಬ್ಬರು ಒಣಗಿದ ಎಲೆಗಳ ಹೊರತು ಏನೂ ಕಾಣಲಿಲ್ಲವೆಂದರು. ಯಾವ ಹೊತ್ತು ಸೂಕ್ತ? ನಮ್ಮೂರಿನ ಎಕ್ಕದ ಗಿಡದ ಸುತ್ತ ಹಾರಾಡುವ ಕಿತ್ತಳೆ ಚಿಟ್ಟೆಯೂ ಇದೇ ಇರಬಹುದೇ ಎಂದು ಅಪ್ಪ ಕೇಳುತ್ತಿದ್ದಾರೆ.

ಕಡಲದಾರಿ:
ಅವರು ಕಂಡ ಒಣಗಿದ ಎಲೆಗಳೇ ಚಿಟ್ಟೆಗಳಾಗಿದ್ದಿರಬಹುದು. ನೀಲಗಿರಿ ಮರದ ಕೊಂಬೆಗಳಿಗೆ ಒತ್ತೊತ್ತಾಗಿ ಜೋತುಬಿದ್ದು ರೆಕ್ಕೆ ಮಡಚಿದಾಗ ಅವುಗಳ ಮಾಸಲು ಹೊರಮೈ ಮಾತ್ರ ಕಾಣುತ್ತದೆ. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಚಳಿಯಿದ್ದರೆ ಅವು ಹಾರಲಾರವು. ಆದ್ದರಿಂದ ಮೋಡವಿಲ್ಲದ ದಿನ ಬೆಳಗ್ಗೆಯೇ ಹೋಗಿ, ಮೊದಲು ದುರ್ಬೀನಿನಲ್ಲಿ ಗೊಂಚಲುಗಳನ್ನು ಗುರುತಿಸಿಕೊಂಡು, ಬಿಸಿಲು ಕೊಂಬೆಗೆ ತಾಗಿ ರೆಕ್ಕೆಗಳು ಒಂದೊಂದಾಗಿ ತೆರೆದುಕೊಳ್ಳುವವರೆಗೆ ಅಲ್ಲೇ ನಿಂತಿರಿ. ಆ ಕಾಯುವಿಕೆಯನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.

ಅವು ಹಾರಲೆಂದು ಯಾರೂ ಚಪ್ಪಾಳೆ ತಟ್ಟದಂತೆ, ಕೊಂಬೆ ಅಲುಗಿಸದಂತೆ ದಯವಿಟ್ಟು ನೋಡಿಕೊಳ್ಳಿ. ಬೇಸಿಗೆಯ ಮೊನಾರ್ಕ್ ಕೆಲವೇ ವಾರ ಬದುಕಿದರೆ, ಸಂತಾನೋತ್ಪತ್ತಿಯನ್ನು ಮುಂದೂಡಿ ಇಲ್ಲಿಗೆ ಬರುವ ಈ ತಲೆಮಾರು ಆರೆಂಟು ತಿಂಗಳು ಬದುಕಬೇಕು; ಮೈಯಲ್ಲಿ ಕೂಡಿಟ್ಟ ಕೊಬ್ಬೇ ಅದರ ಮುಖ್ಯ ಆಸರೆ, ಮತ್ತು ಬೆದರಿ ಹಾರಿದಷ್ಟೂ ಅದು ಕರಗುತ್ತದೆ.

ಮಲೆನಾಡಿಗ:
ತಂದೆಯವರು ಹೇಳುತ್ತಿರುವುದು ಬಹುತೇಕ ಪ್ಲೇನ್ ಟೈಗರ್ ಎಂಬ ಚಿಟ್ಟೆ. ಅದು ಮೊನಾರ್ಕ್ ಅಲ್ಲ, ಆದರೆ ಎರಡೂ ಡಾನಸ್ ಎಂಬ ಒಂದೇ ಕುಲಕ್ಕೆ ಸೇರಿವೆ. ಎಕ್ಕವೂ ಮೊನಾರ್ಕ್ ಮರಿಹುಳುಗಳು ತಿನ್ನುವ ಮಿಲ್ಕ್‌ವೀಡ್ ಎಂಬ ಹಾಲು ಸೂಸುವ ಗಿಡದ ಬಳಗದ್ದೇ; ಅದರ ಹಾಲಿನಲ್ಲಿರುವ ವಿಷವನ್ನು ಮೈಗೂಡಿಸಿಕೊಂಡ ಚಿಟ್ಟೆ ಹಕ್ಕಿಗಳಿಗೆ ರುಚಿಸುವುದಿಲ್ಲ. ದೊಡ್ಡ ಗುಂಪಿನ ವಲಸೆಯನ್ನು ನಮ್ಮಲ್ಲಿ ನೋಡಬೇಕೆಂದರೆ ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್ ಮತ್ತು ಕ್ರೋ ಚಿಟ್ಟೆಗಳನ್ನು ಗಮನಿಸಬೇಕು: ಅವು ಮುಂಗಾರಿಗೆ ಮುನ್ನ ಪಶ್ಚಿಮಘಟ್ಟದಿಂದ ಪೂರ್ವದ ಬಯಲಿಗೆ ಹೋಗಿ, ಮಳೆಗಾಲದ ನಂತರ ಹಿಂದಿರುಗುತ್ತವೆ.

ಹಿತ್ತಲಗಿಡ:
ತಂದೆತಾಯಿಯವರಿಗೆ ಸಾವಿರಾರು ಚಿಟ್ಟೆಗಳು ಕಾಣುತ್ತವೆಂದು ಮೊದಲೇ ಭರವಸೆ ಕೊಡಬೇಡಿ. 2020ರ ಗಣತಿಯಲ್ಲಿ ಅಮೆರಿಕದ ಇಡೀ ಪಶ್ಚಿಮ ಕರಾವಳಿಯಲ್ಲಿ 2,000ಕ್ಕಿಂತ ಕಡಿಮೆ ಸಿಕ್ಕವು. ಮರುವರ್ಷ ಎರಡು ಲಕ್ಷ ದಾಟಿದರೂ 2024ರಲ್ಲಿ ಮತ್ತೆ ಹತ್ತು ಸಾವಿರದೊಳಕ್ಕೆ ಕುಸಿದವು. ಹೊರಡುವ ಮುನ್ನ ಉದ್ಯಾನದವರನ್ನು ವಿಚಾರಿಸಿ.

ನೋಡಿ ಬಂದ ಉತ್ಸಾಹದಲ್ಲಿ ಅನೇಕರು ನರ್ಸರಿಯಿಂದ ಟ್ರಾಪಿಕಲ್ ಮಿಲ್ಕ್‌ವೀಡ್ ತಂದು ನೆಡುತ್ತಾರೆ. ಇಲ್ಲಿನ ಸೌಮ್ಯ ಚಳಿಯಲ್ಲಿ ಅದು ಒಣಗದೆ ಹಸಿರಾಗಿಯೇ ಉಳಿಯುವುದರಿಂದ ಚಿಟ್ಟೆಗಳನ್ನು ಬಾಧಿಸುವ ಪರೋಪಜೀವಿಯೊಂದು ಎಲೆಗಳ ಮೇಲೆ ವರ್ಷವಿಡೀ ಉಳಿದುಬಿಡುತ್ತದೆ. ಕರಾವಳಿಗೆ ಹತ್ತಿರವಿದ್ದರೆ ಮಿಲ್ಕ್‌ವೀಡ್ ಬದಲು, ಶರತ್ಕಾಲದಿಂದ ವಸಂತದವರೆಗೆ ಮಕರಂದ ಕೊಡುವ ಸ್ಥಳೀಯ ಹೂಗಿಡಗಳನ್ನು ನೆಡಿ.

ತುಂಬೆಹೂ:
ಎಲ್ಲರಿಗೂ ಧನ್ಯವಾದ. ದುರ್ಬೀನು ಹೊಂದಿಸಿಕೊಂಡು ಬೆಳಗ್ಗೆಯೇ ಹೊರಡುತ್ತೇವೆ. ಚಿಟ್ಟೆ ತಿನ್ನುವ ಗಿಡ ಎಕ್ಕದ ಬಳಗದ್ದೆಂದು ಕೇಳಿ ಅಪ್ಪನಿಗೆ ಬಹಳ ಸಂತೋಷವಾಯಿತು.